ಐದನೇ ಪುಟದ ಓದುಗರು

ಯಾರೂ ಓದದ ಪತ್ರಿಕೆಯನ್ನು ತಿಂಗಳು ತಿಂಗಳು ತಪ್ಪದೆ ಹೊರತರುವವನಿಗೆ ಇಂಥ ಪ್ರಸಂಗಗಳು ತಾವಾಗಿಯೇ ಎದುರಾಗುತ್ತಿರುತ್ತವೆ. ಅವನೇನೂ ಹುಡುಕಿಕೊಂಡು ಹೋಗಬೇಕಿಲ್ಲ. ನಾನು ಕೊಪ್ಪಳದಲ್ಲಿ ಒಂದು ರೈತರ ಸಹಕಾರ ಸಂಘದ ಗುಮಾಸ್ತ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಕಡೆ ನಮಗೆ ಸದಸ್ಯರಿದ್ದಾರೆ. ಭತ್ತದವರು, ದಾಳಿಂಬೆಯವರು, ಎಮ್ಮೆ ಕಟ್ಟಿದವರು ಎಲ್ಲರೂ ಸೇರಿದ ಸಂಘ. ಸಂಘಕ್ಕೊಂದು ಎಂಟು ಪುಟದ ಮಾಸಿಕ ವಾರ್ತಾಪತ್ರ ಇದೆ. ಅದರ ಸಂಪಾದಕ ನಾನೇ.

ನಾನು ಸಂಪಾದಕನಾದದ್ದು ವಿದ್ಯೆಯಿಂದಲ್ಲ, ಸೆಕೆಯಿಂದ. ಸಿಬ್ಬಂದಿ ಸಭೆಯಲ್ಲಿ ನಮ್ಮ ಕಾರ್ಯದರ್ಶಿಯವರು ವಾರ್ತಾಪತ್ರದ ಜವಾಬ್ದಾರಿ ಯಾರು ಹೊರುತ್ತೀರಿ ಎಂದು ಕೇಳಿದ ಗಳಿಗೆಗೆ ಸರಿಯಾಗಿ, ಫ್ಯಾನ್ ಹಾಕಿ ಎಂದು ಹೇಳಲು ನಾನು ಕೈ ಎತ್ತಿದೆ. ನಡಾವಳಿ ಪುಸ್ತಕದಲ್ಲಿ ನನ್ನ ಹೆಸರು ಬಿತ್ತು. ಫ್ಯಾನ್ ಮಾತ್ರ ಹಾಕಲಿಲ್ಲ.

ಆದರೆ ಸುಳ್ಳು ಯಾಕೆ ಹೇಳಲಿ, ಕೆಲಸ ನನಗೆ ಹಿಡಿಸಿತು. ತಲೆಬರಹ ಹುಡುಕುತ್ತ ಕುಳಿತರೆ ಊಟದ ಹೊತ್ತು ಮೀರಿದ್ದೂ ಗೊತ್ತಾಗುತ್ತಿರಲಿಲ್ಲ. ನಾನು ಇಷ್ಟಪಟ್ಟು ಬರೆದದ್ದನ್ನು ಜನ ಇಷ್ಟಪಟ್ಟು ಓದುತ್ತಿರಬಹುದು ಎಂದೇ ನಂಬಿದ್ದೆ. ಹೋದ ಬೇಸಿಗೆಯಲ್ಲಿ ಕಾರ್ಯದರ್ಶಿಯವರು ನನ್ನನ್ನು ಕರೆದು ಆ ನಂಬಿಕೆಗೆ ಎಳ್ಳುನೀರು ಬಿಟ್ಟರು.

"ಇದನ್ನ ಒಬ್ರೂ ಓದಂಗಿಲ್ಲ. ವಾರ್ಷಿಕ ಸಭಿಯೊಳಗ ನಿಲ್ಲಿಸೋ ಠರಾವು ಇಡ್ತೀನಿ. ಓದ್ತಾರ ಅನ್ನಾಕ ಪುರಾವಿ ಇದ್ರ ಅಲ್ಲೇ ತೋರಿಸ್ರಿ" ಎಂದರು.

ಸಭೆಗೆ ಇನ್ನು ಆರು ತಿಂಗಳಿತ್ತು. ಪತ್ರಿಕೆ ನಿಂತರೆ ನನ್ನನ್ನು ಕಾರಟಗಿಯ ಗೋದಾಮಿಗೆ ಹಾಕುವುದಾಗಿಯೂ ಹೇಳಿದರು. ಭತ್ತದ ಧೂಳಿಗೂ ನನ್ನ ಮೂಗಿಗೂ ಹುಟ್ಟಿನಿಂದಲೇ ಆಗಿಬರುವುದಿಲ್ಲ. ಗೋದಾಮಿನ ಹೆಸರು ಕಿವಿಗೆ ಬಿದ್ದದ್ದೇ ತಡ, ಅವರೆದುರಿಗೇ ಮೂರು ಸಲ ಸೀನಿದೆ. ಮೊದಲ ಸಲ ಹೋಗುವವರಿಗೆಲ್ಲ ಹಾಗೇ ಆಗುತ್ತದೆ ಎಂದು ಅವರು ಸಮಾಧಾನ ಮಾಡಿದರು.

೧. ಅಧ್ಯಕ್ಷರ ಆಲ್ಬಮ್

ಜನ ಯಾಕೆ ಓದುವುದಿಲ್ಲ ಎಂದು ತಿಳಿಯಲು ಆ ತಿಂಗಳ ಸಂಚಿಕೆ ತೆಗೆದು ನಾನೇ ಓದಲು ಕುಳಿತೆ. ಎರಡನೇ ಪುಟದಲ್ಲಿ ನಿದ್ದೆ ಹತ್ತಿತು. ಎದ್ದು, ಓದುವುದನ್ನು ಬಿಟ್ಟು ಫೋಟೋ ಎಣಿಸಿದೆ. ಎಂಟು ಪುಟದಲ್ಲಿ ನಮ್ಮ ಅಧ್ಯಕ್ಷರು ಹನ್ನೊಂದು ಸಲ ಇದ್ದರು. ರಿಬ್ಬನ್ ಕತ್ತರಿಸುತ್ತ, ಹಾರ ಹಾಕಿಸಿಕೊಳ್ಳುತ್ತ, ಹಾರ ಹಾಕುತ್ತ, ಒಂದು ಕಡೆ ಹಾರ ಬರುವುದನ್ನು ಕಾಯುತ್ತ. ನಮ್ಮ ಸದಸ್ಯರು ಪತ್ರಿಕೆಗೆ 'ಅಧ್ಯಕ್ಷರ ಆಲ್ಬಮ್' ಎಂದು ಹೆಸರಿಟ್ಟಿದ್ದಾರೆಂದೂ, ಕುಷ್ಟಗಿ ಶಾಖೆಗೆ ಬರುವವರು "ಈ ತಿಂಗಳ ಆಲ್ಬಮ್ ಬಂತೇನ್ರಿ" ಎಂದೇ ಕೇಳುತ್ತಾರೆಂದೂ ಆಮೇಲೆ ಗೊತ್ತಾಯಿತು.

ಅಧ್ಯಕ್ಷರು ಬಹಳ ಒಳ್ಳೆಯವರು. ಯಾರಿಗೂ ಗದರಿದವರಲ್ಲ. ಆದರೆ ಫೋಟೋ ಎಂಬುದು ಹುದ್ದೆಯ ಕರ್ತವ್ಯ ಎಂದು ತಿಳಿದವರು. ಧೈರ್ಯ ಮಾಡಿ ಅವರ ಮನೆಗೆ ಹೋಗಿ, ಇನ್ನು ಮೇಲೆ ಸಂಚಿಕೆಗೆ ಒಂದೇ ಫೋಟೋ ಸಾಕು ಸಾಹೇಬರೇ, ಜನ ಓದಬೇಕು, ಇಲ್ಲದಿದ್ದರೆ ಪತ್ರಿಕೆ ಉಳಿಯುವುದಿಲ್ಲ ಎಂದು ಕೈ ಮುಗಿದೆ. ಅವರ ಮುಖ ಸಣ್ಣದಾಯಿತು. ಮೀಸೆ ನೀವಿಕೊಂಡು, "ಆತು ಬಿಡ್ರಿ, ಒಂದ ಹಾಕ್ರಿ. ಅದನ್ನ ನಾನ ಆರಿಸಿ ಕಳಸ್ತೀನಿ" ಎಂದರು.

ಮಾತಿಗೆ ತಪ್ಪಲಿಲ್ಲ. ಮುಂದಿನ ತಿಂಗಳು ಒಂದೇ ಫೋಟೋ ಕಳಿಸಿದರು. ತಮ್ಮ ಮನೆಯ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂತ ಫೋಟೋ. ಹಿಂದಿನ ಗೋಡೆಯ ತುಂಬ ಅವರ ಸನ್ಮಾನದ ಫೋಟೋಗಳಿಗೆ ಕಟ್ಟು ಹಾಕಿಸಿ ತೂಗುಹಾಕಿದ್ದರು. ಪ್ರೆಸ್ಸಿನ ಕಂಪ್ಯೂಟರ್ ಆಪರೇಟರ್ ಪರದೆಯ ಮೇಲೆ ದೊಡ್ಡದು ಮಾಡಿ ಎಣಿಸಿದ. ಗೋಡೆಯ ಮೇಲೆ ಹದಿನಾಲ್ಕಿದ್ದವು. ಮೊದಲು ಹನ್ನೊಂದಿದ್ದ ಅಧ್ಯಕ್ಷರು, ಒಂದೇ ಫೋಟೋ ಹಾಕಬೇಕೆಂದು ಒಪ್ಪಿದ ಮೇಲೆ ಹದಿನೈದಾದರು.

೨. ಒಂದು ಕಪ್ ಚಹಾ

ಮೊದಲ ಪುಟದಲ್ಲಿ 'ಅಧ್ಯಕ್ಷರ ನುಡಿ' ಇರುತ್ತದೆ. ಅದನ್ನು ಬರೆಯುವವನು ನಾನು, ಕೆಳಗೆ ಸಹಿ ಹಾಕುವವರು ಅವರು. ಇಡೀ ಪುಟ ತುಂಬಿಸಬೇಕಾದ್ದರಿಂದ ಅದರಲ್ಲಿ ಸಹಕಾರದ ಮಹತ್ವ, ಮಳೆಯ ಮಹತ್ವ, ಸಮಯದ ಮಹತ್ವ ಎಲ್ಲವೂ ಬರುತ್ತಿದ್ದವು. ಇದನ್ನು ಯಾರಾದರೂ ಓದುತ್ತಾರೋ ಇಲ್ಲವೋ ನೋಡೇಬಿಡೋಣ ಎಂದು ಒಂದು ಯುಕ್ತಿ ಮಾಡಿದೆ. ಬೀಜೋಪಚಾರದ ಪ್ಯಾರಾಕ್ಕೂ ಸಮಯದ ಮಹತ್ವಕ್ಕೂ ನಡುವೆ, "ಈ ಸಾಲನ್ನು ಓದಿದವರು ಕಚೇರಿಗೆ ಬಂದು ಸಂಪಾದಕರನ್ನು ಕಂಡರೆ ಅವರಿಗೆ ಒಂದು ಕಪ್ ಚಹಾ ಕುಡಿಸಲಾಗುವುದು" ಎಂದು ಸೇರಿಸಿದೆ. ಅಧ್ಯಕ್ಷರು ಎಂದಿನಂತೆ ಸಹಿ ಹಾಕಿದರು.

ಸಂಚಿಕೆ ಹೋದ ದಿನದಿಂದ ಬಾಗಿಲಿಗೆ ಮುಖ ಮಾಡಿಯೇ ಕೂತೆ. ಯಾರು ಒಳಗೆ ಬಂದರೂ ಅರ್ಧ ಎದ್ದು ನಿಲ್ಲುತ್ತಿದ್ದೆ. ಗೊಬ್ಬರ ಕೇಳುವವರು ಬಂದರು, ಸಹಿ ಬೇಕಾದವರು ಬಂದರು, ಬಸ್ ಸ್ಟ್ಯಾಂಡಿಗೆ ದಾರಿ ಕೇಳುವವರೂ ಬಂದರು. ಚಹಾ ಕೇಳುವವರು ಬರಲಿಲ್ಲ. ಒಂದು ವಾರವಾಯಿತು, ಎರಡು ವಾರವಾಯಿತು. ಮೂರನೇ ವಾರ ನಮ್ಮ ಕಚೇರಿಯ ಪಕ್ಕದ ಹೋಟೆಲಿನವನೇ ಯಾರಾದರೂ ಬಂದರೇ ಎಂದು ಕನಿಕರದಿಂದ ವಿಚಾರಿಸತೊಡಗಿದ.

ತಿಂಗಳ ಕೊನೆಗೆ ಪ್ರೆಸ್ಸಿನ ಆಪರೇಟರ್ ಬಂದ. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಕುರ್ಚಿ ಎಳೆದು ಕೂತು, ನನ್ನ ಚಹಾ ಎಲ್ಲಿ ಎಂದು ಕೇಳಿದ. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಓಡಿಹೋಗಿ ಸ್ಪೆಷಲ್ ಚಹಾ, ಜೊತೆಗೆ ಬಿಸ್ಕತ್ತು ತರಿಸಿದೆ. ಅವನು ಕುಡಿದು ಮುಗಿಸುವವರೆಗೆ ಕಾದು, ನೀನೊಬ್ಬನಾದರೂ ಓದಿದೆಯಲ್ಲ ಮಾರಾಯ, ಹೇಗನಿಸಿತು ಎಂದು ಕೇಳಿದೆ.

ಅವನು ಬಾಯಿ ಒರೆಸಿಕೊಂಡು, "ನಾ ಓದಿಲ್ರೀ ಸರ, ಟೈಪ್ ಮಾಡೀನಿ" ಎಂದ.

೩. ಹೆಬ್ಬೆರಳು

ಕಾರ್ಯದರ್ಶಿಯವರ ಕೈಯಲ್ಲಿ ಪತ್ರಿಕೆಗೆ ಬದಲಾಗಿ ಒಂದು ಅಸ್ತ್ರ ಸಿದ್ಧವಾಗಿತ್ತು. ಅದು ಸಂಘದ ವಾಟ್ಸಾಪ್ ಗುಂಪು. ಕಾಗದ ಬೇಡ, ಅಂಚೆ ಬೇಡ, ಒಂದು ಕ್ಷಣದಲ್ಲಿ ನಾಲ್ಕು ತಾಲೂಕಿಗೆ ಸುದ್ದಿ ಮುಟ್ಟುತ್ತದೆ ಎನ್ನುತ್ತಿದ್ದರು. ನನ್ನ ಚಹಾದ ಕಥೆ ಆಗಲೇ ಊರಿಗೆಲ್ಲ ಗೊತ್ತಾಗಿತ್ತು.

ಒಂದು ದಿನ ಅವರು ಗುಂಪಿನಲ್ಲಿ, ನಾಳೆ ಕಾರಟಗಿ ಗೋದಾಮು ಮುಚ್ಚಿರುತ್ತದೆ, ಯಾರೂ ಬರಬಾರದು ಎಂದು ಹಾಕಿದರು. ಹತ್ತು ನಿಮಿಷದಲ್ಲಿ ಹೆಬ್ಬೆರಳುಗಳ ಸಾಲು ಎದ್ದು ನಿಂತಿತು. ಕೆಲವರು ಕೈಮುಗಿದರು, ಒಬ್ಬರು ಹೂಗುಚ್ಛ ಕೊಟ್ಟರು. ಕಾರ್ಯದರ್ಶಿಯವರು ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದು, ಓದುವುದು ಎಂದರೆ ಇದು ಎಂದರು. ಮರುದಿನ ಮುಚ್ಚಿದ ಗೋದಾಮಿನ ಎದುರು ಹೊತ್ತೇರುವ ಮೊದಲೇ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು. ಬಂದ ರೈತರನ್ನು ಸಮಾಧಾನ ಮಾಡಿ ಕಳಿಸಿ ಬನ್ನಿ ಎಂದು ಕಾರ್ಯದರ್ಶಿಯವರು ನನ್ನನ್ನೇ ಅಟ್ಟಿದರು. ಸೀನುತ್ತ ಸೀನುತ್ತ ಎಲ್ಲರ ಕಾಲು ಹಿಡಿದೆ.

ಸಾಲಿನಲ್ಲಿ ಮೊದಲು ನಿಂತವರನ್ನು, ನೀವೇ ಮೊದಲು ಹೆಬ್ಬೆರಳು ಒತ್ತಿದವರಲ್ಲವೇ, ಮತ್ತೆ ಯಾಕೆ ಬಂದಿರಿ ಎಂದು ಕೇಳಿದೆ. ಅವರು ನನ್ನನ್ನು ಲೋಕಜ್ಞಾನವಿಲ್ಲದವನಂತೆ ನೋಡಿದರು.

"ಕಾರ್ಯದರ್ಶಿ ಸಾಹೇಬ್ರು ಏನರ ಹಾಕಿದ್ರ ಒತ್ತಬೇಕಲ್ರಿ. ಇಲ್ಲಂದ್ರ ಅವ್ರು ಬ್ಯಾಸರ ಮಾಡ್ಕೋತಾರ. ಏನ್ ಹಾಕ್ಯಾರ ಅಂತ ನೋಡ್ಕೋತ ಕುಂದ್ರಾಕ ನಮಗೆಲ್ಲೈತ್ರಿ ಟೈಮು" ಎಂದರು.

೪. ಎರಡು ಮಿರ್ಚಿಯ ತರಬೇತಿ

ಪತ್ರಿಕೆಯನ್ನು ಜನ ಓದುವಂತೆ ಬರೆಯುವುದು ಹೇಗೆ ಎಂದು ಹುಬ್ಬಳ್ಳಿಯಲ್ಲಿ ಒಂದು ದಿನದ ತರಬೇತಿ ಇತ್ತು. ಹೋಗಿ ಬಂದೆ. ಚಿಕ್ಕ ವಾಕ್ಯ ಬರೆಯಿರಿ ಎಂದು ತರಬೇತಿ ಕೊಟ್ಟವರು ಬಹಳ ಉದ್ದದ ವಾಕ್ಯಗಳಲ್ಲಿ ಹೇಳಿದರು. ಅಲ್ಲಿ ನಾನು ಬರೆದುಕೊಂಡ ಟಿಪ್ಪಣಿಯನ್ನೂ ಆಮೇಲೆ ಓದಲಿಲ್ಲ.

ನಿಜವಾದ ತರಬೇತಿ ಗಂಗಾವತಿಯಲ್ಲಿ ಆಯಿತು. ಶಾಖೆಯ ಕೆಲಸ ಮುಗಿಸಿ ಸಂಜೆ ಬಸ್ಸಿಗೆ ಹೋಗುವಾಗ ಒಬ್ಬ ಚಾಚಾನ ಮಿರ್ಚಿ ಗಾಡಿಯ ಮುಂದೆ ನಿಂತೆ. ಬಿಸಿ ಬಿಸಿ ಮಿರ್ಚಿ ಕೈಗೆ ಬಂತು. ಕೆಳಗಿನ ಕಾಗದ ನನ್ನ ಪತ್ರಿಕೆಯದೇ, ಮೊದಲ ಪುಟ. ಎಣ್ಣೆ ಕುಡಿದು ಅಧ್ಯಕ್ಷರ ನುಡಿ ಎರಡೂ ಬದಿಯಿಂದ ಕಾಣುತ್ತಿತ್ತು. ಶಾಖೆಯ ಜವಾನನಿಗೂ ಚಾಚಾನಿಗೂ ನಡುವೆ ದಿನಕ್ಕೊಂದು ಪ್ಲೇಟಿನ ಒಪ್ಪಂದವಿದೆಯೆಂದೂ, ಅದರ ಪ್ರಕಾರ ಹಂಚದೆ ಉಳಿದ ಕಟ್ಟುಗಳು ಸೀದಾ ಇಲ್ಲಿಗೆ ಬರುತ್ತವೆಂದೂ ಆಮೇಲೆ ತಿಳಿಯಿತು. ಆಗ ಮಾತ್ರ ಆ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡುತ್ತ ನಿಂತಿದ್ದೆ.

ಅಷ್ಟರಲ್ಲಿ ಪಕ್ಕದಲ್ಲಿ ನಿಂತವರೊಬ್ಬರು ಮಿರ್ಚಿ ತಿಂದು ಮುಗಿಸಿ, ಕಾಗದವನ್ನು ಬೆಳಕಿಗೆ ಹಿಡಿದು ಕೊನೆಯವರೆಗೆ ಓದಿ, ಇದರ ಮುಂದಿನ ಹಾಳೆ ಕೊಡಿ ಎಂದು ಚಾಚಾನನ್ನು ಕೇಳಿದರು. ಅದರಲ್ಲಿ ಆಗಲೇ ಭಜಿ ಕಟ್ಟಿ ಕೊಟ್ಟಾಯಿತು, ನಾಳೆ ಬನ್ನಿ ಎಂದ ಚಾಚಾ. ನನಗೆ ನನ್ನ ಕಿವಿಯನ್ನೇ ನಂಬಲಾಗಲಿಲ್ಲ. ಅವರನ್ನು ಮಾತಿಗೆಳೆದರೆ ಅವರು ನಮ್ಮ ಸಂಘದ ಸದಸ್ಯರೇ. ಪತ್ರಿಕೆ ಅವರ ಮನೆಗೂ ಬರುತ್ತದೆ, ಬಿಚ್ಚದೆ ಕಪಾಟಿನ ಮೇಲೆ ಇರುತ್ತದೆ. ಮನೆಯಲ್ಲಿ ಓದಲು ಯಾರಿಗೆ ಪುರುಸೊತ್ತು, ಇಲ್ಲಾದರೆ ಮಿರ್ಚಿ ತಣ್ಣಗಾಗುವವರೆಗೆ ಹೇಗಿದ್ದರೂ ಕಾಯಬೇಕಲ್ಲ ಎಂದರು.

ನಾನು ಯಾರೆಂದು ಚಾಚಾನಿಗೆ ಹೇಳಿಕೊಂಡೆ. ಅವನು ಬಾಣಲೆಯಿಂದ ಕಣ್ಣು ತೆಗೆಯದೆ ನನ್ನ ಪತ್ರಿಕೆಯನ್ನು ಪುಟ ಪುಟವಾಗಿ ವಿಮರ್ಶೆ ಮಾಡಿದ. ಮೊದಲ ಪುಟ ಕೊಟ್ಟರೆ ಜನ ಅದರಲ್ಲೇ ಮೆಣಸಿನಕಾಯಿ ತೊಟ್ಟು ಸುತ್ತಿ ಎಸೆಯುತ್ತಾರೆ. ಮೂರನೆಯದರಲ್ಲಿ ಕೈ ಒರೆಸುತ್ತಾರೆ. ಐದನೆಯದನ್ನು ಮಾತ್ರ ಒರೆಸಿ, ಮಡಚಿ ಜೇಬಿಗೆ ಹಾಕಿಕೊಳ್ಳುತ್ತಾರೆ ಎಂದ. ಐದನೇ ಪುಟದಲ್ಲಿ ಏನಿತ್ತು ಎಂದು ನೆನಪಿಸಿಕೊಂಡೆ. ಜಾಗ ಉಳಿದಿತ್ತೆಂದು ಮೂಲೆಯಲ್ಲಿ ನಾಲ್ಕು ಸಾಲು 'ಊರ ಸುದ್ದಿ' ಹಾಕಿದ್ದೆ. ಯಾರದೋ ಬೋರಿಗೆ ನೀರು ಬಿದ್ದದ್ದು, ಯಾರದೋ ಹೋರಿ ತಪ್ಪಿಸಿಕೊಂಡು ಹೇಮಗುಡ್ಡದ ಹತ್ತಿರ ಸಿಕ್ಕಿದ್ದು.

"ಫೋಟೋದಾಗಿನವ್ರ ಮಾರಿ ಮ್ಯಾಲ ಎಣ್ಣಿ ಬಿದ್ರ ಯಾರೂ ಕೆಟ್ಟ ಅನ್ಕೊಳ್ಳಂಗಿಲ್ಲ ಸಾಹೇಬ್ರ" ಎಂದ ಚಾಚಾ. "ತಮ್ಮೂರ ಹೆಸರಿನ ಮ್ಯಾಲ ಬಿದ್ರ ಒರಸ್ಕೋತಾರ."

ಹುಬ್ಬಳ್ಳಿಯಲ್ಲಿ ಯಾರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಅಂದೇ ನಿರ್ಧಾರ ಮಾಡಿದೆ. ಐದನೇ ಪುಟ ಪೂರ್ತಿ ಊರ ಸುದ್ದಿ. ಅಧ್ಯಕ್ಷರ ನುಡಿಯನ್ನು ನಾಲ್ಕೇ ಸಾಲಿಗೆ ಇಳಿಸಿ ಅದೇ ಪುಟದ ಕೆಳಗೆ ಹಾಕುವುದು. ಹೊರಡುವಾಗ ಚಾಚಾ ಕರೆದು ತನ್ನದೂ ಒಂದು ಅರ್ಜಿ ಇದೆ ಎಂದ. "ಅಧ್ಯಕ್ಷರ ಮೀಸಿ ಅಷ್ಟು ಕರ್ರಗ ಹಾಕಬ್ಯಾಡ್ರಿ. ಮಿರ್ಚಿಗೆ ಹತ್ತತೈತಿ."

೫. ಹನ್ನೆರಡು ಲೀಟರ್

ಐದನೇ ಪುಟಕ್ಕೆ ಸುದ್ದಿ ಹುಡುಕುತ್ತ ಯಲಬುರ್ಗಾ ಕಡೆಯ ಒಂದು ಹಳ್ಳಿಗೆ ಹೋದೆ. ಅಲ್ಲಿ ನನ್ನದೇ ವಯಸ್ಸಿನ ಒಬ್ಬ ಅಕ್ಕ ಎಮ್ಮೆ ಸಾಕಿದ್ದರು. ಎಮ್ಮೆಯೂ ಚೆಂದ, ಅಕ್ಕನ ಮಾತೂ ಚೆಂದ. ದಿನಕ್ಕೆ ಹನ್ನೆರಡು ಲೀಟರ್ ಹಿಂಡುತ್ತದೆ ಎಂದರು. ಊರಿನ ಹೆಸರು, ಅಕ್ಕನ ಹೆಸರು, ಎಮ್ಮೆಯ ಹೆಸರು ಎಲ್ಲ ಸೇರಿಸಿ ಹಾಕಿದೆ. ತಲೆಬರಹ ದಪ್ಪಕ್ಷರದಲ್ಲಿ: 'ಹನ್ನೆರಡು ಲೀಟರ್ ಹಿಂಡುವ ಎಮ್ಮೆ'.

ಸಂಚಿಕೆ ಹೊರಟು ವಾರವಾಗಿರಲಿಲ್ಲ, ಅಕ್ಕ ಬೆಳಗಿನ ಬಸ್ಸಿಗೆ ಕೊಪ್ಪಳಕ್ಕೆ ಬಂದು ನನ್ನ ಮೇಜಿನ ಮುಂದೆ ನಿಂತರು. ಪತ್ರಿಕೆಯನ್ನು ಮೇಜಿನ ಮೇಲೆ ಬಡಿದರು.

"ನಾ ನಿಮಗ ಹೇಳಿದ್ದು ಮಾತಿಗೆ, ಅಣ್ಣಾರ. ನೀವು ಊರಿಗೆಲ್ಲಾ ಡಂಗುರ ಹೊಡದ್ರಿ. ಎಮ್ಮಿಗೆ ನೆದರ ಆಗೇತಿ. ನಾಕ ದಿನ ಆತು, ಒಂದು ತಂಬಿಗಿ ಹಾಲು ಬಿಟ್ಟಿಲ್ಲ" ಎಂದರು.

ನಾನು ಗಾಬರಿಯಾಗಬೇಕಿತ್ತು, ಕ್ಷಮೆ ಕೇಳಬೇಕಿತ್ತು. ಆದರೆ ನನ್ನ ತಲೆಯಲ್ಲಿ ಬೇರೆಯೇ ಲೆಕ್ಕ ಓಡಿತು. ಕಣ್ಣು ತಾಗಿದೆ ಎಂದರೆ ಕಣ್ಣು ಬಿದ್ದಿದೆ. ಕಣ್ಣು ಬಿದ್ದಿದೆ ಎಂದರೆ ಓದಿದ್ದಾರೆ. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಯಾರು ಯಾರು ಓದಿದರು ಹೇಳಿ ಅಕ್ಕಾರ ಎಂದು ಕಾಗದ ಪೆನ್ನು ಹಿಡಿದೆ. ಅವರು ಬೆರಳು ಮಡಚುತ್ತ ಹೇಳತೊಡಗಿದರು. ಎದುರು ಮನೆಯ ನೆಗೆಣ್ಣಿ ಎರಡು ಸಲ ಓದಿದ್ದಾಳೆ. ಹಾಲಿನ ಡೇರಿಯವನು ಗಟ್ಟಿಯಾಗಿ ಓದಿ ನಾಲ್ಕು ಮಂದಿಗೆ ಕೇಳಿಸಿದ್ದಾನೆ. ಕುಷ್ಟಗಿಯ ಬೀಗರು ಓದಿ ಫೋನ್ ಮಾಡಿದ್ದಾರೆ. ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಇಪ್ಪತ್ತಮೂರು ಹೆಸರಾದವು. ಅಷ್ಟು ಸಂತೋಷದಿಂದ ನಾನು ಯಾವ ಪಟ್ಟಿಯನ್ನೂ ಬರೆದಿರಲಿಲ್ಲ.

ಪಟ್ಟಿಯನ್ನು ಹಿಡಿದು ಕಾರ್ಯದರ್ಶಿಯವರ ಕೋಣೆಗೆ ಹೋದೆ. ಅವರು ಕನ್ನಡಕ ಏರಿಸಿ ನೋಡಿ, "ಇದು ಓದುಗರ ಪಟ್ಟಿ ಅಲ್ರೀ, ನೆದರ ಹಚ್ಚಿದವ್ರ ಪಟ್ಟಿ. ಹೌದು, ನಾ ಓದೀನಿ ಅಂತ ಇವ್ರೆಲ್ಲಾರ ಸಹಿ ತರ್ರಿ" ಎಂದರು.

ತರಲು ಹೋದೆ ಕೂಡ. ಮೊದಲು ಆ ನೆಗೆಣ್ಣಿಯ ಮನೆ. ಅಕ್ಕ ಎದುರುಗಡೆ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ನೆಗೆಣ್ಣಿ ನನ್ನ ಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದು, ತಮಗೆ ಓದಲಿಕ್ಕೇ ಬರುವುದಿಲ್ಲ ಎಂದುಬಿಟ್ಟರು. ಆಮೇಲೆ ವಿಚಾರಿಸಿದೆ. ಅವರು ಅದೇ ಊರಿನ ಶಾಲೆಯ ಟೀಚರಂತೆ.

೬. ತಿದ್ದುಪಡಿ

ಅಕ್ಕನ ಬೇಡಿಕೆ ಎರಡು. ಒಂದು, ಹುಲಿಗಿಯ ದೇವಿಯ ಗುಡಿಗೆ ಹೋಗಿ ಎಮ್ಮೆಯ ಹೆಸರಿನಲ್ಲಿ ನಾನು ಕಾಯಿ ಒಡೆಸಿಕೊಂಡು ಬರಬೇಕು. ಎರಡು, ಎಮ್ಮೆ ನಾಲ್ಕೇ ಲೀಟರ್ ಹಿಂಡುತ್ತದೆ ಎಂದು ಮುಂದಿನ ಸಂಚಿಕೆಯಲ್ಲಿ ಅದೇ ದಪ್ಪಕ್ಷರದಲ್ಲಿ ಹಾಕಬೇಕು. ಎರಡನ್ನೂ ಮಾಡಿದೆ. 'ತಿದ್ದುಪಡಿ: ಸದರಿ ಎಮ್ಮೆ ನಾಲ್ಕು ಲೀಟರ್ ಮಾತ್ರ. ಅದೂ ದಿನಾ ಅಲ್ಲ.' ಕಾಯಿಯ ಗುಣವೋ ಅಚ್ಚಿನ ಗುಣವೋ, ಎಮ್ಮೆ ಮತ್ತೆ ಹಾಲು ಬಿಟ್ಟಿತು.

ಸುದ್ದಿ ನಾಲ್ಕು ತಾಲೂಕಿಗೆ ಹಬ್ಬಿತು. ಮೊದಲು ಬಂದವರು ಕುಷ್ಟಗಿಯ ಇಬ್ಬರು ದಾಳಿಂಬೆ ಬೆಳೆಗಾರರು. ಗಿಡದ ತುಂಬ ಕಾಯಿ, ಕಂಡವರೆಲ್ಲ ನಿಂತು ನೋಡುತ್ತಾರೆ, ನಮ್ಮದು ಈ ವರ್ಷ ಅಷ್ಟಕ್ಕಷ್ಟೇ ಎಂದು ಮುಂಗಡವಾಗಿ ಹಾಕಿಬಿಡಿ ಎಂದರು. ಆಮೇಲೆ ಭತ್ತದವರು ಬಂದರು. ಆಮೇಲೆ ಮಗನಿಗೆ ಒಳ್ಳೆಯ ಅಂಕ ಬಂದವರು ಬಂದು, ಹೇಗೋ ಪಾಸಾದ ಎಂದು ಬರೆಯಿರಿ ಎಂದರು. ಹೊಸ ಮನೆ ಕಟ್ಟಿದ ಒಬ್ಬರು, ಮನೆ ಸೋರುತ್ತದೆ ಎಂಬ ಒಂದು ಸಾಲು ಕೇಳಿದರು. ನಾನು ಯಾರನ್ನೂ ನಿರಾಸೆ ಮಾಡಲಿಲ್ಲ. ಮೂರು ತಿಂಗಳಲ್ಲಿ ನಮ್ಮ ಪತ್ರಿಕೆಯ ಪ್ರಕಾರ ನಾಲ್ಕೂ ತಾಲೂಕಿನಲ್ಲಿ ಬೆಳೆ ಇಲ್ಲ, ಹಾಲು ಇಲ್ಲ, ಬುದ್ಧಿವಂತ ಮಕ್ಕಳು ಇಲ್ಲ, ನೆಟ್ಟಗಿನ ಮನೆಯೂ ಇಲ್ಲ.

ಜನ ಮುಗಿಬಿದ್ದು ಓದಿದರು. ತಮ್ಮ ಊರಿನಲ್ಲಿ ಯಾರದು ನಿಜವಾಗಿ ಚೆನ್ನಾಗಿದೆ ಎಂದು ತಿಳಿಯಲು ಈಗ ಅದೊಂದೇ ದಾರಿಯಾಗಿತ್ತು. ಯಾರು ಎಷ್ಟು ಜೋರಾಗಿ ಅತ್ತಿದ್ದಾರೋ ಅವರ ಮನೆ ಅಷ್ಟು ಗಟ್ಟಿ ಎಂದು ಲೆಕ್ಕ ಹಾಕುತ್ತಿದ್ದರು. ಚಾಚಾ ಫೋನ್ ಮಾಡಿ ದೂರು ಹೇಳಿದ. ಶಾಖೆಯಲ್ಲಿ ಕಟ್ಟುಗಳು ಉಳಿಯುತ್ತಿಲ್ಲ, ಮಿರ್ಚಿ ಕಟ್ಟಲು ಕಾಗದವಿಲ್ಲ, ನಿಮ್ಮಿಂದಾಗಿ ಎಲೆ ತರಿಸುತ್ತಿದ್ದೇನೆ ಎಂದ. ಆ ದೂರನ್ನು ನಾನು ಎರಡು ಸಲ ಹೇಳಿಸಿಕೊಂಡು ಕೇಳಿದೆ.

ಆದರೆ ನನ್ನ ಕಷ್ಟ ಇದ್ದಲ್ಲೇ ಇತ್ತು. ಓದುವವರಿಗೆ ಬರವಿರಲಿಲ್ಲ, ಓದಿದೆ ಎಂದು ಒಪ್ಪುವವರು ಒಬ್ಬರೂ ಇರಲಿಲ್ಲ. ಓದಿದೆ ಎಂದರೆ ಕಣ್ಣು ಹಾಕಿದೆ ಎಂದು ಒಪ್ಪಿದಂತೆ. ಕಾರ್ಯದರ್ಶಿಯವರು ಠರಾವು ಬರೆಸಿ ಇಟ್ಟಿದ್ದರು. ನಾನು ಮೂಗಿಗೆ ಕಟ್ಟಿಕೊಳ್ಳಲು ಎರಡು ಟವೆಲು ಕೊಂಡಿಟ್ಟೆ.

೭. ಕೈ ಎತ್ತಿರಿ

ಸಭೆಗೆ ಮುಂಚಿನ ಸಂಚಿಕೆ ಅಚ್ಚಿಗೆ ಹೋಗುವ ದಿನ ಚಾಚಾ ಮತ್ತೆ ಫೋನ್ ಮಾಡಿದ. ಕೊಪ್ಪಳದ ಕಲ್ಯಾಣಮಂಟಪದಲ್ಲಿ ನಡೆಯುವ ಸಭೆಗೆ ಮಿರ್ಚಿ, ಮಂಡಕ್ಕಿ, ಚಹಾ ಮಾಡುವ ಕೆಲಸ ಅವನಿಗೇ ಸಿಕ್ಕಿತ್ತು. ಪ್ಲಾಸ್ಟಿಕ್ ಲೋಟ ತರುವಂತಿಲ್ಲ, ಅಷ್ಟು ಮಂದಿಗೆ ಸ್ಟೀಲ್ ಲೋಟ ನನ್ನ ಹತ್ತಿರ ಇಲ್ಲ, ಏನಾದರೂ ಬರೆಯಿರಿ ಸಾಹೇಬ್ರ ಎಂದ. ಅಧ್ಯಕ್ಷರ ನುಡಿಗೆ ಹೇಗೂ ಒಂದು ಸಾಲು ಕಡಿಮೆ ಬಿದ್ದಿತ್ತು. "ಸಭೆಗೆ ಬರುವವರು ಮನೆಯಿಂದ ಒಂದೊಂದು ಲೋಟ ತರಬೇಕಾಗಿ ವಿನಂತಿ" ಎಂದು ಸೇರಿಸಿದೆ. ಅಧ್ಯಕ್ಷರು ಎಂದಿನಂತೆ ಸಹಿ ಹಾಕಿದರು. ಗೋದಾಮಿನ ಚಿಂತೆಯಲ್ಲಿ ಆ ಸಾಲು ನನ್ನ ತಲೆಯಿಂದಲೂ ಹೋಯಿತು.

ಸಭೆಯ ದಿನ ಮಂಟಪ ತುಂಬಿತ್ತು. ಯಲಬುರ್ಗಾದ ಎಮ್ಮೆಯ ಅಕ್ಕ ಎಲ್ಲರಿಗಿಂತ ಮೊದಲು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ವರದಿಗಳು ಮುಗಿದ ಮೇಲೆ ಕಾರ್ಯದರ್ಶಿಯವರು ಎದ್ದು ಠರಾವು ಓದಿದರು. ವಾರ್ತಾಪತ್ರವನ್ನು ಯಾರೂ ಓದದೆ ಇರುವುದರಿಂದ ಅದನ್ನು ನಿಲ್ಲಿಸತಕ್ಕದ್ದು. ಆಮೇಲೆ ನನ್ನ ಕಡೆ ನೋಡಿ, ಅನ್ಯಾಯ ಬೇಡ ಎಂಬಂತೆ, "ಅದನ್ನ ಓದೋವ್ರು ಯಾರರ ಇದ್ರ ಕೈ ಎತ್ರಿ" ಎಂದರು.

ಎಮ್ಮೆಯ ಅಕ್ಕ ಕುರ್ಚಿಯಲ್ಲಿ ಪೂರ್ತಿ ಹಿಂದಕ್ಕೆ ತಿರುಗಿದರು. ಒಬ್ಬೊಬ್ಬರನ್ನೇ ನೋಡತೊಡಗಿದರು. ಇನ್ನು ಕೈ ಎತ್ತುವವರು ಯಾರು? ಡೇರಿಯವನು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡ. ದಾಳಿಂಬೆಯವರು ಚಾವಣಿ ನೋಡಿದರು. ಆ ಟೀಚರು ಕಣ್ಣು ಮುಚ್ಚಿದರು. ಗಂಗಾವತಿಯಲ್ಲಿ ಮುಂದಿನ ಹಾಳೆ ಕೇಳಿದ್ದ ಆ ಪುಣ್ಯಾತ್ಮರೂ ಅಲ್ಲೇ ಇದ್ದರು. ಅವರು ನೆಲದಲ್ಲಿ ಏನೋ ಬಿದ್ದಂತೆ ಬಗ್ಗಿದವರು ಮೇಲೇಳಲೇ ಇಲ್ಲ. ಅಷ್ಟು ದೊಡ್ಡ ಮಂಟಪದಲ್ಲಿ ಒಂದು ಕೈಯೂ ಮೇಲೆ ಬರಲಿಲ್ಲ.

ನನಗೆ ನಿಜಕ್ಕೂ ಅಳು ಬಂತು. ಗೋದಾಮಿಗಾಗಿ ಅಲ್ಲ. ಇಷ್ಟು ತಿಂಗಳು ನಾನು ಈ ಜನರ ಎಮ್ಮೆಯನ್ನೂ ಸೋರದ ಮನೆಯನ್ನೂ ಅವರು ಹೇಳಿದಂತೆ ಬರೆದುಕೊಟ್ಟಿದ್ದೆ. ಒಬ್ಬರಾದರೂ ಕೈ ಎತ್ತಬಾರದೇ ಎನ್ನಿಸಿತು. ಅಧ್ಯಕ್ಷರು ಬೇಸರದಿಂದಲೇ, ಹಾಗಾದರೆ ಇದನ್ನು ಚಹಾ ಆದ ಮೇಲೆ ಪಾಸು ಮಾಡೋಣ ಎಂದರು.

ಚಾಚಾ ದೊಡ್ಡ ಕೆಟಲ್ ಹಿಡಿದು ಒಳಗೆ ಬಂದ.

ಮೊದಲು ಎಮ್ಮೆಯ ಅಕ್ಕ ತಮ್ಮ ಚೀಲಕ್ಕೆ ಕೈ ಹಾಕಿ ಒಂದು ಸ್ಟೀಲ್ ಲೋಟ ತೆಗೆದರು. ಪಕ್ಕದವರು ತೆಗೆದರು. ಹಿಂದಿನ ಸಾಲಿನಲ್ಲಿ ತೆಗೆದರು. ಟೀಚರ ವ್ಯಾನಿಟಿ ಬ್ಯಾಗಿನಿಂದ ಒಂದು, ದಾಳಿಂಬೆಯವರ ಅಂಗಿಯ ಜೇಬಿನಿಂದ ಎರಡು. ಡೇರಿಯವನು ತೊಡೆಯ ಕೆಳಗಿನಿಂದ ಕೈ ಬಿಡಿಸಿಕೊಂಡು ಅಳತೆಯ ಲೋಟವನ್ನೇ ತೆಗೆದ. ನೆಲ ಹುಡುಕುತ್ತಿದ್ದವರು ಲೋಟ ಹಿಡಿದುಕೊಂಡೇ ಮೇಲೆದ್ದರು. ಇಡೀ ಮಂಟಪ ಲೋಟಗಳ ಸದ್ದಿನಿಂದ ತುಂಬಿಹೋಯಿತು. ತರದೆ ಬಂದವರು ವೇದಿಕೆಯ ಮೇಲಿನವರು ಮಾತ್ರ.

ಅಧ್ಯಕ್ಷರಿಗೆ ಏನೂ ತಿಳಿಯಲಿಲ್ಲ. ಮೈಕಿನಲ್ಲೇ, "ಇವ್ರಿಗೆಲ್ಲಾ ಲೋಟ ತರ್ರಿ ಅಂತ ಯಾರು ಹೇಳಿದ್ರು?" ಎಂದು ಕಾರ್ಯದರ್ಶಿಯವರನ್ನು ಕೇಳಿದರು. ಕಾರ್ಯದರ್ಶಿಯವರು ಫೋನ್ ತೆಗೆದು ವಾಟ್ಸಾಪ್ ಗುಂಪಿನಲ್ಲಿ ಹುಡುಕತೊಡಗಿದರು.

ಎಮ್ಮೆಯ ಅಕ್ಕ ಲೋಟ ಹಿಡಿದು ಎದ್ದು ನಿಂತರು.

"ನಿಮ್ಮ ನುಡಿಯೊಳಗ ನೀವ ಹೇಳೀರಲ್ರೀ ಅಧ್ಯಕ್ಷರ. ಐದನೇ ಪುಟ, ಕೆಳಗ. ಓದಿಲ್ಲೇನ್ರಿ?"

ಮಂಟಪ ಬಿದ್ದು ಬಿದ್ದು ನಕ್ಕಿತು. ಅಧ್ಯಕ್ಷರು ಒಂದು ಗಳಿಗೆ ಕೆಂಪಾಗಿ, ಆಮೇಲೆ ಅವರೇ ಎಲ್ಲರಿಗಿಂತ ಜೋರಾಗಿ ನಕ್ಕರು. ಇಷ್ಟು ಪುರಾವೆ ಸಾಕೇನ್ರಿ ಎಂದು ಕಾರ್ಯದರ್ಶಿಯವರನ್ನು ಕೇಳಿ, ಅವರ ಕೈಯಿಂದ ಠರಾವು ತೆಗೆದುಕೊಂಡು ಮಡಚಿ ಚಾಚಾನಿಗೆ ಕೊಟ್ಟರು. ಚಾಚಾ ಅದರಲ್ಲಿ ಎರಡು ಮಿರ್ಚಿ ಇಟ್ಟು ಕಾರ್ಯದರ್ಶಿಯವರಿಗೇ ತಿರುಗಿ ಕೊಟ್ಟ.

ನಾನು ಬಾಗಿಲ ಹತ್ತಿರ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದೆ. ಕೆಟಲ್ ನನ್ನವರೆಗೂ ಬಂತು. ಪಕ್ಕದಲ್ಲಿ ಪ್ರೆಸ್ಸಿನ ಆಪರೇಟರ್ ತನ್ನ ಲೋಟ ತುಂಬಿಸಿಕೊಂಡು, ನನ್ನ ಬರಿಗೈ ನೋಡಿದ.

"ನಿಮ್ಮ ಲೋಟ ಎಲ್ರೀ ಸರ?" ಎಂದ.

ನಾನು ಹೇಳಿದೆ, "ನಾ ಓದಿಲ್ಲಪಾ. ಬರದೀನಿ."